ಬದನೆ ಬೇರಿನ ಮೇಲೆ ನೇರಳೆ ಟೊಮೆಟೊ: ಶಿರಸಿ ಸೀಮೆಯ ಒಂದು ಹಿತ್ತಿಲಿನ ಪ್ರಕರಣ

ಶಿರಸಿಯಿಂದ ಘಟ್ಟದ ಅಂಚಿನ ಕಡೆಗಿರುವ ಒಂದು ಅಡಿಕೆ ತೋಟದ ಮನೆಯವರು ಕೆಲವು ವರ್ಷ ಒಂದೇ ಟೊಮೆಟೊ ತಳಿಯ ಬೆನ್ನು ಹತ್ತಿದ ಪ್ರಕರಣ ಇದು. ತಳಿಯ ಹೆಸರು ಚೆರೋಕೀ ಪರ್ಪಲ್. ತಮ್ಮ ಹೆಸರೂ ಊರೂ ಬೇಡವೆಂದು ಮನೆಯವರು ಹೇಳಿದ್ದಾರೆ. ಹಾಗಾಗಿ ಹಿತ್ತಿಲಿನ ಯಜಮಾನಿಕೆ ನಡೆಸುವವರನ್ನು ಚಿಕ್ಕಮ್ಮ ಎಂದೂ, ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡಿಕೊಂಡು ಊರಲ್ಲಿ ಉಳಿದ ಅವರ ಅಕ್ಕನ ಮಗನನ್ನು ಹುಡುಗ ಎಂದೂ ಕರೆಯುತ್ತೇನೆ. ಹುಡುಗನಿಗೆ ಮೂವತ್ತು ದಾಟಿದೆ. ಆದರೆ ಆ ಮನೆಯಲ್ಲಿ ಅವನು ಹುಡುಗನೇ. ಬಿತ್ತಿದ್ದು, ನೆಟ್ಟಿದ್ದು, ಸತ್ತಿದ್ದು ಎಲ್ಲವನ್ನೂ ಚಿಕ್ಕಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಾರೆ. ಈ ಬರಹಕ್ಕೆ ಆ ಹಳೆಯ ಕ್ಯಾಲೆಂಡರುಗಳೇ ಮುಖ್ಯ ಆಧಾರ.

ಹಿನ್ನೆಲೆ

ಕಣಿವೆಯಲ್ಲಿ ತೋಟ, ಮೇಲೆ ಸೊಪ್ಪಿನ ಬೆಟ್ಟ, ಎರಡರ ನಡುವೆ ಮನೆ ಮತ್ತು ತರಕಾರಿ ಹಾಕುವ ಒಂದಿಷ್ಟು ಹಕ್ಕಲು ಜಾಗ. ಕೆಂಪು ಮಣ್ಣು, ಅಡಿಯಲ್ಲಿ ಚಿರೇಕಲ್ಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದೊಯ್ಯುವುದರಿಂದ ಇಲ್ಲಿಯ ಮಣ್ಣು ಹುಳಿ. ಮಳೆಗಾಲದಲ್ಲಿ ಮೊಗೆ, ಹೀರೆ, ಸೌತೆ, ಬೆಂಡೆ. ಮಳೆ ಹೋದ ಮೇಲೆ ಹರಿವೆ, ಬಸಳೆ, ಅಲಸಂದೆ, ಬದನೆ. ಟೊಮೆಟೊ ಮಾತ್ರ ಪೇಟೆಯಿಂದ, ಅಂದರೆ ಬಯಲುಸೀಮೆಯಿಂದ ಲಾರಿಯಲ್ಲಿ ಬಂದದ್ದು. "ನಮ್ಮ ನೆಲಕ್ಕೆ ಟೊಮೆಟೊ ಆಗ್ತಿಲ್ಲೆ" ಎನ್ನುವುದು ಆ ಸೀಮೆಯ ಪ್ರತಿ ಮನೆಯಲ್ಲೂ ಕೇಳಿಬರುವ ಮಾತು.

ಹುಳಿಗಾಗಿ ಆ ಮನೆ ಟೊಮೆಟೊವನ್ನು ನೆಚ್ಚಿಕೊಂಡಿದ್ದೂ ಇಲ್ಲ. ಭರಣಿಯಲ್ಲಿ ಅಪ್ಪೆಮಿಡಿ, ಡಬ್ಬಿಯಲ್ಲಿ ಒಣ ಮುರುಗಲು, ವಾಟೆಹುಳಿ, ಉಪ್ಪಾಗೆ. ಹಿತ್ತಿಲಲ್ಲಿ ಅಂಬಟೆ, ಬಿಂಬಲ, ಕಂಚಿ. ಶ್ರಾದ್ಧದ ಅಡುಗೆಗೆ ಟೊಮೆಟೊ ಇಂದಿಗೂ ಒಳಗೆ ಬಂದಿಲ್ಲ. ಈ ಸಂಗತಿಯನ್ನು ಮೊದಲೇ ಹೇಳಿಡುತ್ತಿದ್ದೇನೆ, ಯಾಕೆಂದರೆ ಮುಂದೆ ಅಡುಗೆಮನೆಯಲ್ಲಿ ಆದದ್ದಕ್ಕೆಲ್ಲ ಇದೇ ಕಾರಣ.

ಚೆರೋಕೀ ಪರ್ಪಲ್ ಅಮೆರಿಕದ ಟೆನ್ನೆಸ್ಸಿ ಸೀಮೆಯ ತಳಿ. 1990ರಲ್ಲಿ ಅಲ್ಲಿಯ ಬೆಳೆಗಾರರೊಬ್ಬರು ಕ್ರೇಗ್ ಲೆಹೂಲಿಯರ್ ಎಂಬ ಟೊಮೆಟೊ ಹವ್ಯಾಸಿಗೆ ಅಂಚೆಯಲ್ಲಿ ಒಂದಿಷ್ಟು ಬೀಜ ಕಳಿಸಿದರು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಚೆರೋಕೀ ಬುಡಕಟ್ಟಿನವರು ನೆರೆಯವರಿಗೆ ಕೊಟ್ಟಿದ್ದ ನೇರಳೆ ಟೊಮೆಟೊ ಇದು ಎಂಬ ವಿವರಣೆ ಜೊತೆಗಿತ್ತು. ಹೆಸರಿಟ್ಟವರು ಲೆಹೂಲಿಯರ್. ಹಣ್ಣು ದೊಡ್ಡದು, ಕಾಲು ಕೆಜಿಗೆ ಹತ್ತಿರ, ಕೆಲವು ಅದನ್ನೂ ಮೀರುತ್ತವೆ. ತೊಟ್ಟಿನ ಸುತ್ತ ಹಸಿರು ಉಳಿದು, ಕೆಳಗೆ ಹಳೆಯ ಗಾಯದ ಕಲೆಯಂಥ ಕಂದುಗೆಂಪು ಇರುತ್ತದೆ. ಸಾಮಾನ್ಯ ಟೊಮೆಟೊ ಹಣ್ಣಾಗುವಾಗ ಎಲೆಹಸಿರು ಕರಗಿಹೋಗುತ್ತದೆ. ಇದರಲ್ಲಿ ಕರಗದೆ ಉಳಿದು, ಕೆಂಪು ಬಣ್ಣ ಅದರ ಮೇಲೆ ತುಂಬಿಕೊಳ್ಳುತ್ತದೆ. ಸಿಪ್ಪೆಗೆ ಸ್ವಂತ ಬಣ್ಣವಿಲ್ಲದ್ದರಿಂದ ಒಳಗಿನ ಈ ಮಿಶ್ರಣ ಹೊರಗೆ ನೇರಳೆಯಾಗಿ ಕಾಣುತ್ತದೆ. ಗಿಡ ನಿಲ್ಲದೆ ಬೆಳೆಯುವ ಬಳ್ಳಿಯ ಜಾತಿ. ನೆಟ್ಟು ಸುಮಾರು 80 ದಿನಕ್ಕೆ ಮೊದಲ ಹಣ್ಣು.

ಬೀಜದ ವಿಷಯದಲ್ಲಿ ಆರಂಭದಲ್ಲೇ ಒಂದು ಒಳ್ಳೆಯ ತೀರ್ಮಾನವಾಯಿತು. ಅಮೆರಿಕದಲ್ಲಿರುವ ನೆಂಟರು ಸೂಟ್‌ಕೇಸಿನಲ್ಲಿ ಪೊಟ್ಟಣ ತರುತ್ತೇವೆ ಎಂದರು. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ವಿದೇಶದಿಂದ ಬಿತ್ತನೆ ಬೀಜ ತರಲು ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಬೀಜದ ಸಿಪ್ಪೆಗೆ ಅಂಟಿಕೊಂಡು ವೈರಸ್ಸೂ ದುಂಡಾಣುವೂ (ಬ್ಯಾಕ್ಟೀರಿಯಾ) ಪ್ರಯಾಣ ಮಾಡುವುದರಿಂದ ಇದನ್ನು ಬರೀ ಕಾಗದದ ಕಿರಿಕಿರಿ ಎನ್ನುವಂತಿಲ್ಲ. ಹುಡುಗ ಬೇಡವೆಂದ. ಈ ತಳಿಯನ್ನು ಆಗಲೇ ಬೆಳೆದು ಬೀಜ ಉಳಿಸಿಕೊಂಡಿದ್ದ ಬೆಂಗಳೂರಿನ ಒಬ್ಬ ತಾರಸಿ ತೋಟಗಾರರಿಂದ ತರಿಸಿಕೊಂಡ.

ಮಳೆಗಾಲದಲ್ಲಿ ಒಂದು ಸಾವು, ಚಳಿಗಾಲದಲ್ಲಿ ಇನ್ನೊಂದು

ಮೊದಲ ಬಿತ್ತನೆ ಜೂನ್‌ನಲ್ಲಿ, ಉಳಿದ ತರಕಾರಿಯ ಜೊತೆಗೆ. ಇದನ್ನು ಉದ್ದ ಬರೆಯುವ ಅಗತ್ಯವಿಲ್ಲ. ಕೆಲವು ಸಸಿ ಬುಡ ಕೊಳೆತು ಮಲಗಿದವು. ಬದುಕಿದವಕ್ಕೆ ಆಗಸ್ಟ್‌ನಲ್ಲಿ ಎಲೆಯ ಮೇಲೆ ನೀರು ತಾಗಿದಂಥ ಕಪ್ಪು ಮಚ್ಚೆ ಬಂದು, ವಾರದೊಳಗೆ ಗಿಡ ಸುಟ್ಟಂತಾಯಿತು. ಅದು ಅಂಗಮಾರಿ. ಅಡಿಕೆಯ ಕೊಳೆರೋಗವೂ ಇದೂ ಫೈಟಾಫ್ತೊರಾ ಎಂಬ ಒಂದೇ ಕುಲದವು. ತೋಟಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ಶೇ 1ರ ಬೋರ್ಡೊ ದ್ರಾವಣವನ್ನೇ ಇದಕ್ಕೂ ಹೊಡೆದರೆ ಸರಿ ಎನ್ನುವುದು ಹುಡುಗನ ವಾದ. ತಪ್ಪು ವಾದವೇನಲ್ಲ, ಟೊಮೆಟೊಗೂ ಅದು ನಡೆಯುತ್ತದೆ. ಚಿಕ್ಕಮ್ಮ ಒಪ್ಪಲಿಲ್ಲ. ಮಳೆ ಬಿಡದ ತಿಂಗಳಲ್ಲಿ ಎಷ್ಟು ಸಲ ಹೊಡೆಯುವುದು, ಹೊಡೆದದ್ದು ಎಷ್ಟು ಹೊತ್ತು ನಿಲ್ಲುವುದು ಎಂದು ಅವರ ಪ್ರಶ್ನೆ. ಔಷಧಿಯ ಬದಲು ಕಾಲವನ್ನೇ ಬದಲಾಯಿಸೋಣ ಎಂದರು.

ಸೆಪ್ಟೆಂಬರ್ ಕೊನೆಗೆ ಮಾಡಿನ ಕೆಳಗೆ ಬಿತ್ತಿ, ಮಳೆ ಹಿಂದೆ ಸರಿದ ಮೇಲೆ ನವೆಂಬರ್ ಆರಂಭದಲ್ಲಿ ನೆಟ್ಟರೆ ಜನವರಿ ಕೊನೆಗೆ ಹಣ್ಣು. ಟೊಮೆಟೊ ಹೂ ಕಾಯಿಕಟ್ಟಲು ರಾತ್ರಿ ತಂಪಿರಬೇಕು. 15ರಿಂದ 20 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಸುಮಾರು 590 ಮೀಟರ್ ಎತ್ತರದ ಶಿರಸಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಹಾಗೇ ಇರುತ್ತವೆ. ಸಮುದ್ರದ ದಂಡೆಯ ಕಾರವಾರ, ಅಂಕೋಲೆಯ ರಾತ್ರಿಗಳಿಗೆ ಅಷ್ಟು ತಂಪಿಲ್ಲ. ಒಂದೇ ಜಿಲ್ಲೆಯಾದರೂ ಈ ತಳಿಯ ಮಟ್ಟಿಗೆ ಘಟ್ಟದ ಮೇಲೆ, ಕೆಳಗೆ ಎರಡು ಬೇರೆ ದೇಶ.

ಗಿಡಗಳು ಚೆನ್ನಾಗಿಯೇ ಎದ್ದವು. ಅಡಿಕೆ ದಬ್ಬೆ ಹುಗಿದು, ಬಾಳೆ ನಾರಿನಿಂದ ಕಟ್ಟಿದರು. ಮೊದಲ ಹೂ ಅರಳಿದ ವಾರ ಒಂದು ಗಿಡ ಮಧ್ಯಾಹ್ನ ಬಾಡಿತು. ಸಂಜೆಗೆ ಎದ್ದಿತು. ಮರುದಿನ ಬಾಡಿದ್ದು ಏಳಲೇ ಇಲ್ಲ. ಎಲೆ ಹಳದಿಯಾಗದೆ, ಮಚ್ಚೆ ಬೀಳದೆ, ಹಸಿರಾಗಿಯೇ ಜೋತುಬಿದ್ದಿತ್ತು. ಆಮೇಲೆ ಸಾಲಿನಲ್ಲಿ ಅದರ ಪಕ್ಕದ್ದು, ಅದರ ಪಕ್ಕದ್ದು. ನೀರು ಕಡಿಮೆಯಾಯಿತೆಂದು ಮನೆಯವರು ನೀರು ಹೆಚ್ಚಿಸಿದರು, ಸಾವೂ ಹೆಚ್ಚಿತು.

ಲೋಟದ ನೀರು

ಮೊದಲ ತಿರುವು ಇಲ್ಲಿದೆ. ಬಾಡಿದ ಗಿಡದ ಬುಡದ ಕಾಂಡವನ್ನು ಹುಡುಗ ಅಡ್ಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಿಸದೆ ಹಿಡಿದ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನ ಎಳೆಯಂಥದ್ದು ಕೆಳಗಿಳಿಯಿತು. ದುಂಡಾಣು ಸೊರಗು ರೋಗಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಶಿಲೀಂಧ್ರದಿಂದ ಬರುವ ಸೊರಗಿನಲ್ಲಿ ಈ ಎಳೆ ಇಳಿಯುವುದಿಲ್ಲ.

ಇದನ್ನು ತರುವ ದುಂಡಾಣು ರಾಲ್‌ಸ್ಟೋನಿಯಾ ಸೊಲನೇಸಿಯಾರಂ. ಹುಳಿಯಾದ, ಬೆಚ್ಚಗಿನ, ತೇವದ ಮಣ್ಣು ಅದಕ್ಕೆ ಇಷ್ಟ. ಎಂದರೆ ಕರಾವಳಿ ಮಲೆನಾಡಿನ ಮಣ್ಣು. ಬೇರಿನ ಸಣ್ಣ ಗಾಯದಿಂದ ಒಳಹೊಕ್ಕು, ನೀರು ಏರುವ ನಾಳಗಳಲ್ಲಿ ತುಂಬಿಕೊಂಡು ಅವನ್ನು ಮುಚ್ಚುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹರಿಯುವ ನೀರಿನ ಜೊತೆ ಮುಂದಿನ ಗಿಡಕ್ಕೆ ಹೋಗುತ್ತದೆ. ಹೊಕ್ಕ ಮೇಲೆ ಔಷಧಿಯಿಲ್ಲ. "ನಮ್ಮ ನೆಲಕ್ಕೆ ಟೊಮೆಟೊ ಆಗುವುದಿಲ್ಲ" ಎಂಬ ಊರಿನ ಮಾತಿಗೆ ಆ ಲೋಟದಲ್ಲಿ ಒಂದು ಕಾರಣ ಸಿಕ್ಕಿತು. ಕಾರಣ ಕೈಗೆ ಸಿಕ್ಕರೆ ದಾರಿ ಹುಡುಕಬಹುದು. ಬರೀ ನಂಬಿಕೆಯ ಜೊತೆ ಯಾರೂ ಗುದ್ದಾಡಲಾರರು.

ಮುಂದಿನ ಚಳಿಗಾಲಕ್ಕೆ ಮೂರು ಪ್ರಯೋಗ ಒಟ್ಟೊಟ್ಟಿಗೆ ನಡೆದವು. ಒಂದು ಸಾಲಿಗೆ ಮೊದಲೇ ಸುಣ್ಣ ಬೆರೆಸಿದ್ದರು. ಇನ್ನೊಂದಿಷ್ಟು ಗಿಡ ತೆಂಗಿನ ನಾರಿನ ಪುಡಿ, ಕೊಟ್ಟಿಗೆ ಗೊಬ್ಬರ ತುಂಬಿದ ಚೀಲಗಳಲ್ಲಿ. ಮೂರನೆಯ ಸಾಲಿನಲ್ಲಿ ಹೋಲಿಕೆಗಾಗಿ ಅರ್ಕಾ ರಕ್ಷಕ್. ಇದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಂಕರ ತಳಿ. ಎಲೆಮುದುರು, ದುಂಡಾಣು ಸೊರಗು, ಅರ್ಲಿ ಬ್ಲೈಟ್ (ಮಳೆಗಾಲದಲ್ಲಿ ಬಂದದ್ದಲ್ಲ, ಬೇರೊಂದು ಅಂಗಮಾರಿ) ಮೂರನ್ನೂ ತಡೆದುಕೊಳ್ಳುವಂತೆ ರೂಪಿಸಿದ್ದು.

ಸುಣ್ಣದ ಸಾಲು ಕೆಲವು ವಾರ ಹೆಚ್ಚು ಬದುಕಿತು, ಅಷ್ಟೇ. ಚೀಲದವು ಸಾಯಲಿಲ್ಲ. ಆದರೆ ದಿನಕ್ಕೆರಡು ಸಲ ನೀರು ಬೇಡಿದವು, ಒಂದು ಹೊತ್ತು ತಪ್ಪಿದರೆ ಕಾಯಿಯ ತುದಿ ಕಪ್ಪಾಗಿ ತೊಗಲಿನಂತಾಯಿತು. ಅದು ರೋಗವಲ್ಲ, ನೀರಿನ ಏರಿಳಿತದಿಂದ ಕಾಯಿಗೆ ಸುಣ್ಣದ ಅಂಶ ತಲುಪದಿರುವುದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಮಂದಿಯೆಲ್ಲ ಸುಲಿಯುವ ಕೆಲಸದಲ್ಲಿರುವಾಗ ಚೀಲಕ್ಕೆ ಎರಡು ಹೊತ್ತು ನೀರು ಹಾಕುವವರು ಯಾರು? ಅರ್ಕಾ ರಕ್ಷಕ್ ಮಾತ್ರ ಅದೇ ನೆಲದಲ್ಲಿ ತಲೆ ತಗ್ಗಿಸದೆ ನಿಂತು ಬುಟ್ಟಿಗಟ್ಟಲೆ ಕೊಟ್ಟಿತು. ಮತ್ತೆ ಆ ಇನ್ನೊಂದರ ಹಿಂದೆ ಯಾಕೆ ಎಂದು ಚಿಕ್ಕಮ್ಮ ಕೇಳಿದ್ದು ಸರಿಯಾಗಿಯೇ ಇತ್ತು. ಮಲೆನಾಡಿನಲ್ಲಿ ಸಾರಿಗೆ, ಹುಳಿಗೆ ಮನೆಯದೇ ಟೊಮೆಟೊ ಬೇಕು ಎನ್ನುವವರಿಗೆ ಅರ್ಕಾ ರಕ್ಷಕ್ ಸಾಕು. ಅಂಥವರು ಇಲ್ಲಿಗೇ ಓದು ನಿಲ್ಲಿಸಿದರೂ ನಷ್ಟವಿಲ್ಲ.

ಹುಡುಗನ ಬಳಿ ಉತ್ತರವಾಗಿ ಇದ್ದದ್ದು ಚೀಲದ ಗಿಡದ ನಾಲ್ಕಾರು ಹಣ್ಣು. ಹೆಚ್ಚಿ, ಉಪ್ಪು ಸೋಕಿಸಿ ತಟ್ಟೆಯಲ್ಲಿಟ್ಟ. ಚಿಕ್ಕಮ್ಮ ಎರಡು ಹೋಳು ತಿಂದರು, ಮೂರನೆಯದಕ್ಕೂ ಕೈ ಹಾಕಿದರು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಹಿಪ್ಪಲಿ ಕಸಿಯಿಂದ ಬಂದ ಯೋಚನೆ

ಕಸಿ ಮಾಡಬಹುದೆಂಬ ಹೊಳಹು ಹೊರಗಿನಿಂದ ಬಂದದ್ದಲ್ಲ. ಕಾಳುಮೆಣಸಿನ ಸೊರಗು ರೋಗಕ್ಕೆ ಹೆದರಿ ಹಿಪ್ಪಲಿ ಜಾತಿಯ ಬೇರಿನ ಮೇಲೆ ಮೆಣಸಿನ ಕುಡಿ ಕಟ್ಟುವುದು ಈ ಸೀಮೆಗೆ ಹೊಸತಲ್ಲ. ಆ ಮನೆಯ ತೋಟದಲ್ಲೂ ಅಂಥ ಬಳ್ಳಿಗಳಿವೆ. ಇತ್ತ ಟೊಮೆಟೊ ಸತ್ತ ಅದೇ ಏರಿಯ ತುದಿಯಲ್ಲಿ ಮನೆಯ ಮುಳ್ಳುಬದನೆ ಏನೂ ಆಗದಂತೆ ನಿಂತಿತ್ತು. ಇದನ್ನು ಗಮನಿಸಿದ್ದು ಚಿಕ್ಕಮ್ಮ. "ಬದನೆಗಿಲ್ದಿದ್ದ ರೋಗ ಟೊಮೆಟೊಕ್ಕೆ ಮಾತ್ರ ಎಂತಕ್ಕೆ?" ಎಂದು ಅವರು ಕೇಳಿದ್ದೇ ಈ ಪ್ರಕರಣದ ನಡುಗಂಬ. ಬದನೆಗೂ ಈ ರೋಗ ಬರುತ್ತದೆ, ಎಲ್ಲ ಬದನೆಯೂ ತಡೆಯುವುದಿಲ್ಲ. ಆದರೆ ಆ ಮನೆಯವರು ತಲೆಮಾರುಗಳಿಂದ ಬೀಜ ಉಳಿಸಿಕೊಂಡು ಬಂದ ಬದನೆ ಅದೇ ನೆಲದಲ್ಲಿ ಬದುಕಿ ತೋರಿಸಿತ್ತು. ತೈವಾನಿನ ವಿಶ್ವ ತರಕಾರಿ ಕೇಂದ್ರ ಬಹಳ ಹಿಂದಿನಿಂದ ಹೇಳುತ್ತ ಬಂದಿರುವುದೂ ಇದನ್ನೇ: ಸೊರಗು ಮತ್ತು ನೀರು ನಿಲ್ಲುವ ನೆಲಕ್ಕೆ ರೋಗ ತಡೆಯುವ ಬದನೆಯ ಬೇರಿನ ಮೇಲೆ ಟೊಮೆಟೊ ಕಸಿ ಕಟ್ಟಿ ಎಂದು.

ಬದನೆಯ ಬಳಗದ ಕಾಡುಗಿಡವಾದ ಬೇಲಿಯ ಸುಂಡೆಯ ಬೇರನ್ನೂ ಪ್ರಯತ್ನಿಸಿದರು. ಸುಂಡೆ ಬೀಜ ಮೊಳೆಯಲು ಬಹಳ ದಿನ ತೆಗೆದುಕೊಂಡಿತು. ಕಸಿ ಕೂಡಿದ ಕೆಲವು ಗಿಡಗಳಲ್ಲೂ ಜೋಡಣೆಯ ಜಾಗ ಗಂಟಾಗಿ ಬೆಳವಣಿಗೆ ಮಂಕಾಯಿತು. ಬದನೆಯನ್ನು ಟೊಮೆಟೊಗಿಂತ ಹತ್ತು ಹನ್ನೆರಡು ದಿನ ಮೊದಲು ಬಿತ್ತಿದರೆ ಎರಡರ ಕಾಂಡವೂ ಒಂದೇ ದಪ್ಪಕ್ಕೆ, ಸುಮಾರು 2 ಮಿಲಿಮೀಟರಿಗೆ, ಒಟ್ಟಿಗೆ ಬರುತ್ತಿದ್ದವು. ಬದನೆಯೇ ಸಾಕೆಂದಾಯಿತು.

ಕಸಿ ಕ್ಲಿಪ್ಪಿನ ಬದಲು ಸೈಕಲ್ಲಿನ ವಾಲ್ವ್ ಟ್ಯೂಬನ್ನು ತುಂಡು ಮಾಡಿ ಒಂದು ಬದಿ ಸೀಳಿಕೊಂಡರು. ಹೊಸ ಬ್ಲೇಡಿನಿಂದ ಎರಡನ್ನೂ ಓರೆಯಾಗಿ ಕತ್ತರಿಸಿ ಜೋಡಿಸಿದರು. ಕೂಡಿಕೊಳ್ಳುವ ತನಕ ಸಸಿಗೆ ಬೇಕಾದದ್ದು ಕತ್ತಲು, ಹಬೆಯಂಥ ತೇವ, ಹದವಾದ ಬೆಚ್ಚಗು. ಮೊದಲ ಸಲ ಜಗಲಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟವು ಹೆಚ್ಚಿನವು ಬಾಡಿದವು. ಎರಡನೆಯ ಸಲ ಚಿಕ್ಕಮ್ಮ ತಟ್ಟೆಗಳನ್ನು ಬಚ್ಚಲುಮನೆಗೆ ಒಯ್ದರು. ಬೆಳಗ್ಗೆ ಸಂಜೆ ಹಂಡೆಯ ಒಲೆ ಉರಿಯುವ ಮಲೆನಾಡಿನ ಬಚ್ಚಲು. ಹೊಗೆ ತಾಗದ ಮೂಲೆಯಲ್ಲಿ, ಒದ್ದೆ ಗೋಣಿ ಹೊದಿಸಿದ ಬುಟ್ಟಿಯ ಕೆಳಗೆ ಸಸಿಗಳು ಕೂತವು. ಮೊದಲ ಎರಡು ಮೂರು ದಿನ ಪೂರ್ತಿ ಕತ್ತಲು, ಆಮೇಲೆ ದಿನಕ್ಕೊಂದಿಷ್ಟು ಬೆಳಕು, ವಾರ ಹತ್ತು ದಿನಕ್ಕೆ ಹೊರಗೆ. ಬಹುಪಾಲು ಕೂಡಿದವು. ಪೇಟೆಯಲ್ಲಿ ದುಡ್ಡು ಕೊಟ್ಟು ಕಟ್ಟಿಸುವ ಕಸಿಕೋಣೆ ಮಾಡುವ ಕೆಲಸವನ್ನು ಹಂಡೆಯ ಒಲೆ ಮಾಡಿತು.

ಮಣ್ಣು ಏರಿಸಿದ್ದು

ಕಸಿ ಗಿಡಗಳು ನೆಲಕ್ಕೆ ಹೋದವು, ಹೂ ಬಿಟ್ಟವು, ಸೊರಗು ಕಾಣಲಿಲ್ಲ. ಎಲ್ಲರಿಗೂ ನಿರಾಳ. ಡಿಸೆಂಬರ್ ಕೊನೆಗೆ ಒಂದು ಬದಿಯ ಗಿಡಗಳು ಮತ್ತೆ ಬಾಡತೊಡಗಿದವು. ಲೋಟದ ನೀರಿನಲ್ಲಿ ಮತ್ತೆ ಅದೇ ಎಳೆ. ಕಸಿಯೂ ಸುಳ್ಳು ಎಂದು ಹುಡುಗ ಎಲ್ಲವನ್ನೂ ಕಿತ್ತುಹಾಕಲು ಹೊರಟ.

ಚಿಕ್ಕಮ್ಮ ತಡೆದರು. ಸತ್ತದ್ದನ್ನು ಒಂದೊಂದಾಗಿ ಕಿತ್ತು ಬೇರು ತೊಳೆದು ನೋಡಿದರು. ಕಸಿ ಕಟ್ಟಿದ ಗಂಟು ಮಣ್ಣಿನ ಒಳಗಿತ್ತು. ಗಂಟಿನ ಮೇಲಿನ ಟೊಮೆಟೊ ಕಾಂಡದಿಂದ ಬಿಳಿಯ ಹೊಸ ಬೇರು ಇಳಿದಿತ್ತು. ಟೊಮೆಟೊ ಕಾಂಡಕ್ಕೆ ತೇವದ ಮಣ್ಣು ತಾಗಿದರೆ ಸಾಕು, ಬೇರು ಬಿಡುತ್ತದೆ. ವಿಚಾರಿಸಿದಾಗ ತಿಳಿದದ್ದು, ತೋಟದ ಕೆಲಸಕ್ಕೆ ಬಂದವರು ಗಿಡ ಗಟ್ಟಿಯಾಗಲೆಂದು ವಾಡಿಕೆಯಂತೆ ಆ ಬದಿಯ ಸಾಲಿಗೆ ಮಣ್ಣು ಏರಿಸಿದ್ದರು. ಅವರಿಗೆ ಕಸಿಯ ವಿಷಯ ಯಾರೂ ಹೇಳಿರಲಿಲ್ಲ. ಬದನೆಯ ಬೇರು ರೋಗವನ್ನು ಹೊರಗಿಟ್ಟಿತ್ತು. ಟೊಮೆಟೊ ತನ್ನದೇ ಬೇರು ಇಳಿಸಿ ಅದಕ್ಕೆ ಬಾಗಿಲು ತೆರೆದಿತ್ತು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ಬೆಲೆಯ ಗಂಟೆ ಅದು. ಸತ್ತ ಗಿಡದ ಬೇರು ತೊಳೆದು ನೋಡದಿದ್ದರೆ ಸರಿಯಾದ ಉಪಾಯವೊಂದು ಸೋತ ಉಪಾಯಗಳ ಲೆಕ್ಕಕ್ಕೆ ಸೇರುತ್ತಿತ್ತು. ಈಗ ಆ ಹಕ್ಕಲಿನಲ್ಲಿ ಕಸಿ ಗಂಟು ನೆಲದಿಂದ ನಾಲ್ಕು ಬೆರಳು ಮೇಲಿರುವಂತೆ ನೆಡುತ್ತಾರೆ. ಬುಡಕ್ಕೆ ಮಣ್ಣಿನ ಬದಲು ದರಕು (ಒಣ ಎಲೆ) ಹಾಕುತ್ತಾರೆ, ಅದನ್ನೂ ಕಾಂಡಕ್ಕೆ ತಾಗದಂತೆ. ಗಂಟಿನ ಕೆಳಗೆ ಒಡೆಯುವ ಬದನೆ ಚಿಗುರನ್ನು ಉಜ್ಜಿ ತೆಗೆಯುತ್ತಾರೆ. ಗಂಟಿನ ಹತ್ತಿರ ಕೆಂಪು ಬಟ್ಟೆಯ ಚೂರು ಕಟ್ಟಿರುತ್ತದೆ. ಹೊಸಬರು ಯಾರು ಕೆಲಸಕ್ಕೆ ಬಂದರೂ ಕಾಣಲಿ ಎಂದು.

ಕಾಯಿಕೊರಕಕ್ಕೆ ಸಾಲಿನ ನಡುವೆ ಚೆಂಡುಹೂ ಹಾಕಿದ್ದಾರೆ. ಹುಳದ ಪತಂಗ ಮೊಟ್ಟೆಯಿಡಲು ಅದನ್ನೇ ಮೊದಲು ಹುಡುಕುತ್ತದೆ. ಮಂಗನಿಗೆ ಅಂಥ ಸುಲಭದ ಉಪಾಯ ಇಲ್ಲ. ಬಲೆ ಹಾಕಿದರು, ಹರಿದವು. ಕೊನೆಗೆ ಕೊಯ್ಲಿನ ಹದವನ್ನೇ ಬದಲಿಸಿದರು. ಕಾಯಿಯ ಬುಡದಲ್ಲಿ ಬಣ್ಣ ತಿರುಗಿದ ಕೂಡಲೇ ಕೊಯ್ದು ಅಟ್ಟದ ಮೇಲೆ ಹುಲ್ಲಿನ ಮೇಲೆ ಒಂದೇ ಪದರವಾಗಿ ಹರಡುತ್ತಾರೆ. ಬಣ್ಣ ತಿರುಗಿದ ಮೇಲೆ ಹಣ್ಣಿಗೆ ಗಿಡದಿಂದ ಬೇಕಾದದ್ದು ಹೆಚ್ಚೇನೂ ಇರುವುದಿಲ್ಲ, ರುಚಿಯಲ್ಲಿ ಅಂಥ ನಷ್ಟವೂ ಆಗಲಿಲ್ಲ. ದೊಡ್ಡ ಹಣ್ಣು ಗಿಡದಲ್ಲೇ ಬಿರಿಯುವುದೂ ಕಡಿಮೆಯಾಯಿತು. ತೊಟ್ಟಿನ ಸುತ್ತಲ ಹಸಿರು ಹೋಗಲೆಂದು ಕಾಯಬಾರದು, ಅದು ಹೋಗುವುದೇ ಇಲ್ಲ; ಮೆತ್ತಗಾಯಿತೇ ಎಂದು ಹೆಬ್ಬೆರಳಿನಿಂದ ನೋಡಬೇಕು. ಫ್ರಿಜ್ಜಿನಲ್ಲಿಟ್ಟವು ಪರಿಮಳ ಕಳೆದುಕೊಂಡವು. ಟೊಮೆಟೊವನ್ನು 12 ಡಿಗ್ರಿಗಿಂತ ಕೆಳಗೆ ಇಟ್ಟರೆ ಆಗುವುದೇ ಹಾಗೆ.

ಒಲೆಯ ಮೇಲೆ

ಹಿತ್ತಿಲು ಗೆದ್ದಮೇಲೆ ಅಡುಗೆಮನೆಯಲ್ಲಿ ಸೋಲು ಶುರುವಾಯಿತು. ಮೊದಲ ಬುಟ್ಟಿಯಿಂದ ಚಿಕ್ಕಮ್ಮ ಸಾರು ಮಾಡಿದರು. ಬಣ್ಣ ಕೆಸರು ನೀರಿನದು, ರುಚಿ ಸಪ್ಪೆ. "ಹುಳಿನೇ ಇಲ್ಲೆ, ಇದೆಂತಾ ಹಣ್ಣು?" ಎಂದು ಮನೆಯ ಹಿರಿಯರು ಬಟ್ಟಲು ಸರಿಸಿದರು. ಮುರುಗಲು ಹಾಕಿ ಮತ್ತೆ ಕುದಿಸಿದಾಗ ಅದು ಮುರುಗಲು ಸಾರಾಯಿತು, ಟೊಮೆಟೊ ಎಲ್ಲೋ ಕಳೆದುಹೋಯಿತು. ಗೊಜ್ಜಿಗೆ ಕೆಂಡದಲ್ಲಿ ಸುಟ್ಟರೆ ನೀರು ಸೋರಿ ಸಿಪ್ಪೆ ಉಳಿಯಿತು.

ಬಣ್ಣ ಕೆಟ್ಟದ್ದಕ್ಕೆ ಕಾರಣ ಸರಳ. ಈ ಹಣ್ಣಿನ ನೇರಳೆಗೆ ಅರ್ಧ ಆಧಾರ ಎಲೆಹಸಿರು. ಹುಳಿಯ ಜೊತೆ ಬಿಸಿಯಾದರೆ ಎಲೆಹಸಿರು ಮಂಕಾದ ಕಂದಿಗೆ ತಿರುಗುತ್ತದೆ. ಬೆಂಡೆ, ಅಲಸಂದೆಗೆ ಬೇಗ ಹುಳಿ ಹಾಕಿದರೆ ಬಣ್ಣ ಹೋಗುವುದು ಯಾವ ಅಡುಗೆಯವರಿಗೂ ಗೊತ್ತು. ರುಚಿಯ ಕಾರಣ ಇನ್ನೂ ಆಳದ್ದು. ಆ ಮನೆಯಲ್ಲಿ ಟೊಮೆಟೊಗೆ ಇದ್ದದ್ದು ಒಂದೇ ಕೆಲಸ, ಹುಳಿ ಕೊಡುವುದು. ಏಳೆಂಟು ಬಗೆಯ ಹುಳಿ ಮನೆಯಲ್ಲೇ ಇರುವಾಗ ಸಿಹಿಯೂ ಘಾಟೂ ಮುಂದಿರುವ ಒಂದು ಹಣ್ಣನ್ನು ಅದೇ ಕೆಲಸಕ್ಕೆ ಕೂರಿಸಿದರೆ ಅದು ಸೋಲಲೇಬೇಕು.

ಎರಡನೆಯ ದೊಡ್ಡ ತಿರುವು ಬಂದದ್ದು ಯಾರೂ ಯೋಜಿಸದೆ. ಒಂದು ಮಧ್ಯಾಹ್ನ ಹಶಿ (ಮೊಸರಿನ ಪಚಡಿ) ಮಾಡಲು ಮುಳ್ಳುಸೌತೆ ಇರಲಿಲ್ಲ. ಚಿಕ್ಕಮ್ಮ ಈ ಟೊಮೆಟೊವನ್ನು ಸೌತೆಯ ಜಾಗಕ್ಕೆ ಹಾಕಿದರು. ಹಸಿಯಾಗಿ ಹೆಚ್ಚಿದ ಹೋಳು, ತೆಂಗಿನಕಾಯಿ, ಹಸಿಮೆಣಸು, ಚಿಟಿಕೆ ಸಾಸಿವೆ ರುಬ್ಬಿದ್ದು, ಗಟ್ಟಿ ಮೊಸರು, ಮೇಲೆ ಒಗ್ಗರಣೆ. ಹುಳಿ ಮೊಸರಿನಿಂದ ಬಂತು, ಖಾರ ಮೆಣಸು ಸಾಸಿವೆಯಿಂದ. ಹಣ್ಣಿಗೆ ಉಳಿದದ್ದು ತನ್ನ ರುಚಿ ತಾನು ಕೊಡುವ ಕೆಲಸ. ಬಣ್ಣವೂ ಕೆಡಲಿಲ್ಲ. ಅಂದು ಬಟ್ಟಲು ಸರಿಸಿದ ಹಿರಿಯರು ಎರಡನೆಯ ಸಲ ಹಾಕಿಸಿಕೊಂಡರು.

ಅಲ್ಲಿಂದ ಚಿಕ್ಕಮ್ಮ ತಾವೇ ಒಂದು ಕ್ರಮ ಕಂಡುಕೊಂಡಿದ್ದಾರೆ. ಹೋಳು ದೊಡ್ಡದಿರಬೇಕು, ಹೆಬ್ಬೆರಳ ಗಾತ್ರ. ಬೀಜದ ಲೋಳೆಯನ್ನು ಬೇರೆ ಬಟ್ಟಲಿಗೆ ತೆಗೆಯಬೇಕು. ಚೆಲ್ಲುವುದಕ್ಕಲ್ಲ, ಅದರಲ್ಲೇ ಹುಳಿಯೂ ರುಚಿಯೂ ಹೆಚ್ಚು, ಸೋಸಿದ ರಸವನ್ನು ರುಬ್ಬುವಾಗ ನೀರಿನ ಬದಲು ಹಾಕುತ್ತಾರೆ. ಉಪ್ಪು ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ಹಶಿ ನೀರಾಗಿ ತಂಬುಳಿಯಾಗುತ್ತದೆ. ಸಾಸಿವೆ ಕಮ್ಮಿ, ಸೌತೆಗೆ ಹಾಕುವುದರ ಅರ್ಧ. ಒಗ್ಗರಣೆ ಆರಿದ ಮೇಲೆಯೇ ಸೇರಿಸಬೇಕು. ಏಪ್ರಿಲ್‌ನ ಅಡ್ಡಮಳೆಗೆ ಮೊದಲು ಗಿಡ ಖಾಲಿ ಮಾಡುವಾಗ ಸಿಗುವ ಹಸಿರು ಕಾಯಿಗಳ ಕಥೆ ಬೇರೆ. ಅವಕ್ಕೆ ಹುಳಿ ಇದೆ. ಎಳ್ಳು, ಬೆಲ್ಲ ಹಾಕಿದ ಮೆಣಸಿನಕಾಯಿ ಗೊಜ್ಜಿಗೆ ಅವು ಚೆನ್ನಾಗಿ ಒಗ್ಗುತ್ತವೆ.

ಹೆಚ್ಚಾದ ಹಣ್ಣಿನ ತಿಳಿಯನ್ನು ಬಾಟಲಿಗೆ ತುಂಬಿಡುವ ಯೋಚನೆ ಹುಡುಗನಿಗಿತ್ತು. ಗಾಳಿಯಾಡದ ಬಾಟಲಿಯಲ್ಲಿ ಬಾಟುಲಿಸಂ ವಿಷದ ದುಂಡಾಣು ಬೆಳೆಯದಿರಲು ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿರಬೇಕು (ಹುಳಿ ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ). ಟೊಮೆಟೊ ಆ ಗೆರೆಯ ಆಚೀಚೆಯೇ ಇರುತ್ತದೆ, ಚೆನ್ನಾಗಿ ಹಣ್ಣಾದದ್ದು ಗೆರೆ ದಾಟಲೂಬಹುದು. ನಾಲಿಗೆ ಇದಕ್ಕೆ ಸಾಕ್ಷಿಯಲ್ಲ, ಸಿಹಿ ಹೆಚ್ಚಿದ್ದರೆ ಹುಳಿ ಇದ್ದೂ ಗೊತ್ತಾಗುವುದಿಲ್ಲ. ನಿಂಬೆರಸವನ್ನೋ ಸಿಟ್ರಿಕ್ ಆಮ್ಲವನ್ನೋ ಅಳತೆಯಾಗಿ ಹಾಕಿದರೆ ಅಪಾಯ ತಪ್ಪುತ್ತದೆ, ಆದರೆ ಈ ತಳಿಯ ರುಚಿಯೂ ತಪ್ಪುತ್ತದೆ. ಬಾಟಲಿಯ ಯೋಚನೆ ಬಿಟ್ಟರು. ಋತು ಇರುವಷ್ಟು ದಿನ ತಿನ್ನುವುದು, ಉಳಿದದ್ದು ಹಂಚುವುದು.

ದೇವಿಮನೆ ಘಟ್ಟದ ಕೆಳಗೆ

ಗೋಕರ್ಣದ ಕಡೆ ಪ್ರವಾಸಿಗರಿಗೆ ಊಟ ಹಾಕುವ ಒಬ್ಬರು ಹಣ್ಣು ನೋಡಿ ಆಸೆಪಟ್ಟರು. ಸಿಪ್ಪೆ ತೆಳ್ಳಗಿರುವುದರಿಂದ ಕ್ರೇಟಿನಲ್ಲಿ ಹೋದ ಮೊದಲ ಕಂತು ಘಟ್ಟದ ತಿರುವುಗಳಲ್ಲೇ ಜಜ್ಜಿಹೋಯಿತು. ಆಮೇಲೆ ಬಣ್ಣ ತಿರುಗಿದ ಕಾಯಿಗಳನ್ನೇ ಅಡಿಕೆ ಹಾಳೆಯಲ್ಲಿ ಭತ್ತದ ಹುಲ್ಲು ಹಾಸಿ ಒಂದೇ ಪದರ ಜೋಡಿಸಿ ಬಸ್ಸಿಗೆ ಹಾಕಿದರು. ಕೆಳಗೆ ಹೋಗಿ ಹಣ್ಣಾದವು. ಅಲ್ಲಿಯ ಅಡುಗೆಯವರು ಕಾರವಾರದ ಕಡೆಯವರು. ಬಂಗಡೆ ಸಾರಿಗೆ ಹಾಕಿ ನೋಡಿದರಂತೆ. ಮುರುಗಲು, ತೆಪ್ಪಳ ಇದ್ದ ಮೇಲೆ ಅಲ್ಲಿ ಟೊಮೆಟೊಗೆ ಏನು ಕೆಲಸ? ಸೇರಲಿಲ್ಲ. ಹುರಿದ ಮೀನಿನ ಬದಿಗೆ, ಬೇಸಿಗೆಯಲ್ಲಿ ಹೆದ್ದಾರಿಯ ಪಕ್ಕ ಜಡೆ ಕಟ್ಟಿ ತೂಗುಹಾಕುವ ಕುಮಟೆಯ ಸಿಹಿ ಈರುಳ್ಳಿಯ ಜೊತೆ ಹಸಿಯಾಗಿ ಇಟ್ಟಾಗ ತಟ್ಟೆಗಳು ಖಾಲಿಯಾಗತೊಡಗಿದವು. ಈರುಳ್ಳಿಯ ಋತುವೂ ಈ ಟೊಮೆಟೊದ ಕೊನೆಯ ಕೊಯ್ಲೂ ಒಂದೇ ಕಾಲಕ್ಕೆ ಬೀಳುವುದು ಅದೃಷ್ಟ.

ಕೊಳ್ಳುವವರು ವರ್ಷವಿಡೀ ಬೇಕೆಂದರು, ಗಾತ್ರವೂ ಒಂದೇ ಇರಲಿ ಎಂದರು. ಮಳೆಗಾಲಕ್ಕೆ ಪಾಲಿಹೌಸ್ ಕಟ್ಟಿದರೆ ಆಗುತ್ತದೆ ಎಂದು ಹುಡುಗ ಲೆಕ್ಕ ಹಾಕಿದ. ಚಿಕ್ಕಮ್ಮ ಜನವರಿಯಿಂದ ಏಪ್ರಿಲ್ ಬಿಟ್ಟು ಬೇರೆ ತಿಂಗಳಿಗೆ ಮಾತು ಕೊಡಲಿಲ್ಲ. ಸಾಲ ಮಾಡಿ ಮಾಡು ಕಟ್ಟಿ, ಮಳೆಗಾಲದಲ್ಲಿ ಅಂಗಮಾರಿಯ ಜೊತೆ ಹೋರಾಡಿ ಬೆಳೆದ ಹಣ್ಣಿಗೆ ಈ ರುಚಿ ಬರುತ್ತದೆಂಬ ಭರವಸೆ ನನಗೂ ಇಲ್ಲ. ವ್ಯಾಪಾರ ಚಿಕ್ಕದಾಗಿಯೇ ಉಳಿಯಿತು.

ಬೀಜದ ಸಾಲಿನಲ್ಲಿ ಒಂದು ಕೆಂಪು

ಬೀಜಕ್ಕೆ ಆರೋಗ್ಯದ ಗಿಡದ, ತಳಿಯ ಲಕ್ಷಣ ಸ್ಪಷ್ಟವಿರುವ ಹಣ್ಣನ್ನಷ್ಟೇ ಆರಿಸುತ್ತಾರೆ. ಲೋಳೆಯ ಸಮೇತ ಎರಡು ಮೂರು ದಿನ ಹುಳಿಬರಿಸಿ, ಮುಳುಗಿದವನ್ನು ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಗಾಜಿನ ಬಾಟಲಿಗೆ. ಕಸಿಯಿಂದ ಬೀಜದ ಗುಣ ಬದಲಾಗುವುದಿಲ್ಲ. ಬದನೆಯ ಬೇರು ಕೆಳಗಿದ್ದರೂ ಬೀಜ ಟೊಮೆಟೊದ್ದೇ. ಅಂದರೆ ರೋಗ ತಡೆಯುವ ಶಕ್ತಿಯೂ ಬೀಜಕ್ಕೆ ಬರುವುದಿಲ್ಲ, ಪ್ರತಿ ವರ್ಷ ಹೊಸದಾಗಿ ಕಸಿ ಕಟ್ಟಬೇಕು.

ಟೊಮೆಟೊ ಬಹುಮಟ್ಟಿಗೆ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ. ಆದರೆ ಹೂವನ್ನು ಹಿಡಿದು ಗುಂಯ್ ಎಂದು ನಡುಗಿಸಿ ಪರಾಗ ಉದುರಿಸುವ ದುಂಬಿಗಳು ಮಲೆನಾಡಿನಲ್ಲಿ ಹೇರಳ, ಪಕ್ಕದ ಸಾಲಿನಲ್ಲೇ ಅರ್ಕಾ ರಕ್ಷಕ್ ಇತ್ತು. ಮುಂದಿನ ಪೀಳಿಗೆಯಲ್ಲಿ ಒಂದು ಗಿಡ ಬೇರೆಯಾಗಿ ನಿಂತಿತು. ಹಣ್ಣು ಮಧ್ಯಮ ಗಾತ್ರ, ಅಚ್ಚ ಕೆಂಪು. ಸಸಿ ಹೆಚ್ಚಾಯಿತೆಂದು ಏರಿಯ ಅಂಚಿಗೆ ಕಸಿಯಿಲ್ಲದೆ ಹಾಗೇ ಚುಚ್ಚಿದ್ದ ಗಿಡ ಅದು. ಅದೇ ನೆಲದಲ್ಲಿ ಸೊರಗದೆ ಏಪ್ರಿಲ್‌ವರೆಗೆ ಕಾಯಿ ಕೊಟ್ಟಿತು.

ಕಿತ್ತೆಸೆಯಬೇಕು, ಇಲ್ಲದಿದ್ದರೆ ಹಳೆಯ ತಳಿ ಕಲಬೆರಕೆಯಾಗುತ್ತದೆ ಎಂದು ಹುಡುಗ. ನಮ್ಮ ಮಣ್ಣು ತಾನಾಗಿ ಒಪ್ಪಿಕೊಂಡದ್ದನ್ನು ಯಾಕೆ ಕೀಳುವುದು, ರುಚಿಯೂ ಕೆಟ್ಟದ್ದಲ್ಲ ಎಂದು ಚಿಕ್ಕಮ್ಮ. ಒಂದು ಗಿಡ ಒಂದು ವರ್ಷ ಬದುಕಿದ್ದರಿಂದ ಅದಕ್ಕೆ ರೋಗ ತಡೆಯುವ ಶಕ್ತಿ ಇದೆಯೆಂದಾಗುವುದಿಲ್ಲ; ಆ ಮೂಲೆಯಲ್ಲಿ ದುಂಡಾಣು ಕಡಿಮೆ ಇದ್ದಿರಲೂಬಹುದು. ಮಿಶ್ರದ ಬೀಜ ಮುಂದಿನ ಪೀಳಿಗೆಯಲ್ಲಿ ಹತ್ತು ರೂಪಕ್ಕೆ ಒಡೆಯುವುದೂ ಖಚಿತ.

ಕೊನೆಗೆ ಇಬ್ಬರೂ ಒಪ್ಪಿದ್ದು ಹೀಗೆ. ಬೀಜಕ್ಕೆಂದು ಇಟ್ಟ ನೇರಳೆ ಗಿಡಗಳ ಹೂಗೊಂಚಲಿಗೆ ಅರಳುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟುವುದು, ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ದಾರ ಸುತ್ತುವುದು. ಶಿರಸಿಯ ವನಸ್ತ್ರೀ ಬಳಗದವರು ನಡೆಸುವ ಮಲೆನಾಡು ಮೇಳದಂಥ ಕಡೆ ಬೀಜ ವಿನಿಮಯಕ್ಕೆ ಹೋಗುವಾಗ ದಾರ ಸುತ್ತಿದ ಹಣ್ಣಿನ ಬೀಜವನ್ನಷ್ಟೇ ಚೆರೋಕೀ ಪರ್ಪಲ್ ಎಂದು ಕೊಡುವುದು, ಕಸಿಯಿಲ್ಲದೆ ನಮ್ಮ ನೆಲದಲ್ಲಿ ನಿಲ್ಲುವುದಿಲ್ಲ ಎಂದು ಪೊಟ್ಟಣದ ಮೇಲೆಯೇ ಬರೆಯುವುದು. ಕೆಂಪಿನ ಬೀಜ ಯಾರಿಗೂ ಕೊಡುವಂತಿಲ್ಲ, ಅದಕ್ಕೆ ಹೆಸರೂ ಇಡುವಂತಿಲ್ಲ. ಈ ನವೆಂಬರ್‌ನಲ್ಲಿ ಅದರ ಸಸಿಗಳನ್ನು ಕಸಿಯಿಲ್ಲದೆ, ಸೊರಗು ಅತಿ ಹೆಚ್ಚು ಕಂಡ ಏರಿಯಲ್ಲೇ ನೆಡುತ್ತಾರೆ. ಪ್ರತಿ ಎರಡು ಗಿಡದ ನಡುವೆ ಕಸಿಯಿಲ್ಲದ ಒಂದು ನೇರಳೆ ಗಿಡ, ಮಣ್ಣಿನಲ್ಲಿ ರೋಗ ಇದೆಯೆಂಬುದಕ್ಕೆ ಸಾಕ್ಷಿಯಾಗಿ. ಯಾವುದು ಯಾವ ದಿನ ಬಾಡಿತು ಎಂದು ಕ್ಯಾಲೆಂಡರಿನಲ್ಲಿ ಬರೆಯುವುದು ಚಿಕ್ಕಮ್ಮನ ಪಾಲು, ಲೋಟದಲ್ಲಿ ನೋಡುವುದು ಹುಡುಗನ ಪಾಲು.